ತೆಂಗಿನ ನೀರು ಕುಡಿದ ಗಾಲಿ

ನಮ್ಮ ಮನೆಗೆ ಬಂದವರು ನೀರು ಕುಡಿದು ಲೋಟ ಕೆಳಗಿಟ್ಟ ಮೇಲೆ ಮೊದಲು ನೋಡುವುದು ಷೋಕೇಸನ್ನು. ಅದರಲ್ಲಿ ನೋಡುವಂಥದ್ದು ಹೆಚ್ಚೇನಿಲ್ಲ. ನಾನು ನಿವೃತ್ತಳಾದಾಗ ಶಾಲೆಯವರು ಕೊಟ್ಟ ಗಾಜಿನ ಫಲಕ, ಒಂದು ಹಿತ್ತಾಳೆಯ ಬಸವಣ್ಣ, ನಿಂತುಹೋದ ಗಡಿಯಾರ. ಇವೆಲ್ಲಕ್ಕಿಂತ ಮುಂದೆ, ಅರ್ಧಚಂದ್ರದ ಆಕಾರದ ಎರಡು ಕಪ್ಪು ಕಬ್ಬಿಣದ ತುಂಡುಗಳು. ಮೊನ್ನೆ ಬೀಗರ ಪೈಕಿಯ ಹೆಣ್ಣುಮಗಳೊಬ್ಬಳು ಅವನ್ನು ಬಹಳ ಹೊತ್ತು ನೋಡಿ, “ಟೀಚರ್, ಇವು ಯಾವ ಕಾಲದ ಕುಡಗೋಲ್ರೀ? ಕೋಟ್ಯಾಗ ಸಿಕ್ಕಾವೇನು?” ಎಂದು ಕೇಳಿದಳು. ಶಹಾಪುರ, ಸುರಪುರದವರಿಗೆ ಹಳೆಯ ಕಬ್ಬಿಣ ಕಂಡರೆ ಕೋಟೆಯೇ ನೆನಪಾಗುತ್ತದೆ. “ಇಲ್ಲವ್ವಾ, ಇವು ನಮ್ಮ ಕಾರಿನ ಹಿಂದಿನ ಬ್ರೇಕು,” ಎಂದೆ. ಅವಳು ಗಾಬರಿಯಿಂದ ನಮ್ಮವರ ಮುಖ ನೋಡಿದಳು. ನಮ್ಮವರು, “ಆಕಿನ್ನ ಕೇಳಬ್ಯಾಡ. ಕೇಳಿದೆಂದ್ರ ಸಂಜೀತನಕ ಹೇಳ್ತಾಳ,” ಎಂದು ಎದ್ದು ಒಳಗೆ ಹೋದರು.

ಅವಳು ಕೇಳಲಿಲ್ಲ. ನೀವೂ ಕೇಳಿಲ್ಲ, ಖರೇ. ಆದರೂ ಹೇಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಿಗೆ ಯಾರೂ ಕೇಳದಿದ್ದರೂ ಹೇಳುವ ಚಟ ಬಿಡುವುದಿಲ್ಲ.

ನಾನು ಕಾರು ಕಲಿತದ್ದು ಐವತ್ತಾರನೆಯ ವಯಸ್ಸಿನಲ್ಲಿ. ನಮ್ಮವರು ನನಗಿಂತ ಮೊದಲು ಎರಡು ಸಲ ಕಲಿಯಲು ಹೋಗಿದ್ದರು. ಮೊದಲನೆಯ ಸಲ ಗಾಡಿ ಚಾಲು ಆಗಲಿಲ್ಲ, ಎರಡನೆಯ ಸಲ ಚಾಲು ಆದದ್ದು ಬೇವಿನ ಮರಕ್ಕೆ ಹೋಗಿ ನಿಂತಿತು. ಅಂದಿನಿಂದ ಅವರಿಗೆ ಕಾರೆಂದರೆ ಹಿಂದಿನ ಸೀಟು. ನನಗೆ ಮಾತ್ರ ಸ್ಟಿಯರಿಂಗ್ ಹಿಡಿದ ಮೊದಲ ದಿನವೇ ಇದು ನನ್ನದು ಎನಿಸಿತು. ಇದಕ್ಕೆ ಕಾರಣ ನಮ್ಮಪ್ಪ ಇರಬೇಕು. ದೇವಾಪುರದಲ್ಲಿ ನಮ್ಮಪ್ಪನಿಗೊಂದು ಸೈಕಲ್ ಇತ್ತು. ಅದಕ್ಕೆ ಗಂಟೆ ಇತ್ತು, ದೀಪ ಇತ್ತು, ಬ್ರೇಕು ಇರಲಿಲ್ಲ. ಅಪ್ಪನ ಎಡಗಾಲಿನ ಚಪ್ಪಲಿಯೇ ಬ್ರೇಕು. ಇಳುಕಲು ಬಂದಾಗ ಅವರು ಕಾಲೆತ್ತಿ ಮುಂದಿನ ಗಾಲಿಗೆ ಚಪ್ಪಲಿ ಒತ್ತಿ ಹಿಡಿಯುತ್ತಿದ್ದರು. ದಂಡಿಗೆಯ ಮೇಲೆ ನಾನು, ಹಿಂದೆ ಕ್ಯಾರಿಯರ್ ಮೇಲೆ ನಮ್ಮಕ್ಕ ನೀಲಮ್ಮ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿದರೆ ಊರು ಬಂತೆಂದು ಲೆಕ್ಕ. ಚಪ್ಪಲಿ ಹೊಲಿಯುವ ಯಲ್ಲಪ್ಪ, “ಗೌಡ್ರ, ನಿಮ್ಮ ಬಲಗಾಲು ಏನು ಪುಣ್ಯಾ ಮಾಡ್ಯದರೀ!” ಎಂದು ನಗುತ್ತಿದ್ದ. ಎಡಗಾಲಿನ ಅಟ್ಟೆ ಮೂರು ಸಲ ಬದಲಾದರೂ ಬಲಗಾಲಿನದು ಹೊಸದಾಗಿಯೇ ಇರುತ್ತಿತ್ತು.

ಆ ಕ್ಯಾರಿಯರ್ ಮೇಲೆ ಕುಳಿತು ಕಿರುಚುತ್ತಿದ್ದ ನೀಲಕ್ಕನ ಮದುವೆ ಬೇಗ ಆಯಿತು. ಸುರಪುರಕ್ಕೆ ಹೋದಳು. ದೊಡ್ಡ ಮನೆತನ, ಬಂದು ಹೋಗುವವರು ಬಹಳ, ಅಡುಗೆ ಮನೆ ಬಿಟ್ಟು ಅವಳು ಹೊರಗೆ ಬಂದದ್ದು ಮದುವೆಗೆ ಮತ್ತು ಸತ್ತವರ ಮಣ್ಣಿಗೆ, ಎರಡಕ್ಕೇ. ಈಗ ಎಲ್ಲ ಮುಗಿದು ಕೈಗೆ ಪುರಸೊತ್ತು ಬಂದಿತೆನ್ನುವಾಗ ಅವಳ ಮೊಣಕಾಲು ಕೈಕೊಟ್ಟವು. ಬಸ್ಸಿನ ಮೆಟ್ಟಿಲು ಅವಳಿಗೆ ಸುರಪುರದ ಗುಡ್ಡಕ್ಕಿಂತ ಎತ್ತರ. ನಾನು ಕಾರು ಕೊಂಡದ್ದೇ ಅವಳಿಗಾಗಿ ಎಂದರೂ ನಡೆದೀತು. ಪ್ರತಿ ಸೋಮವಾರ ನಾನು ಶಹಾಪುರದಿಂದ ಹೋಗುತ್ತಿದ್ದೆ, ಅವಳು ಸೀರೆಯುಟ್ಟು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಂದು ವಾರ ಕೃಷ್ಣಾ ದಂಡೆ, ಇನ್ನೊಂದು ವಾರ ನಮ್ಮ ತವರು ದೇವಾಪುರ. ಒಮ್ಮೆ ಸುಮ್ಮನೆ ಬಳಿಚಕ್ರದವರೆಗೆ ಹೋಗಿ, ರಸ್ತೆಯ ಪಕ್ಕ ಕಾರು ನಿಲ್ಲಿಸಿ, ಮಂಡಾಳ ಎನ್ನುವ ಚುರುಮುರಿ, ಜೊತೆಗೆ ಮಿರ್ಚಿ ತಿಂದು, ಸಜ್ಜೆಯ ಹೊಲ ನೋಡಿಕೊಂಡು ಬಂದೆವು. ಅವತ್ತು ನೀಲಕ್ಕ, “ಸುಮ್ಮಿ, ಯಾರನ್ನೂ ಕೇಳಲಾರದ ನಾ ಮನಿ ಬಿಟ್ಟು ಹೊಂಟಿದ್ದು ಈ ಅರವತ್ತೈದರಾಗ ನೋಡು,” ಎಂದಳು. ನಾನು ಬಲಗಡೆಯ ಕನ್ನಡಿ ನೋಡುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡೆ. ಕಣ್ಣು ತುಂಬಿತ್ತು.

ಹೀಗಿರುವಾಗ ಆ ಬಿಳಿಯ ಹಳೆಯ ಸಣ್ಣ ಕಾರು ನಿಧಾನವಾಗಿ ಭಾರವಾಗತೊಡಗಿತು. ನಾನೇನೋ ಎಂಜಿನ್ನಿಗೆ ವಯಸ್ಸಾಯಿತು ಎಂದುಕೊಂಡೆ. ಆಕ್ಸಿಲರೇಟರ್ ಒತ್ತಿದರೆ ಗೊಣಗುತ್ತಿತ್ತು, ಬಿಟ್ಟರೆ ಎರಡು ಮಾರು ಉರುಳದೆ ನಿಲ್ಲುತ್ತಿತ್ತು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುತ್ತಾರಲ್ಲ, ಮುಂದಿನ ಗಾಲಿ ಎತ್ತು, ಹಿಂದಿನದು ಕೋಣ. ಹ್ಯಾಂಡ್‌ಬ್ರೇಕ್ ಇಳಿಸಿದರೆ ಕಡ್ಡಿ ಕೆಳಗೆ ಬರುತ್ತಿತ್ತು, ಕೆಂಪು ದೀಪ ಆರುತ್ತಿತ್ತು, ಹಿಡಿದ ಗಾಲಿ ಮಾತ್ರ ಹಿಡಿದೇ ಇರುತ್ತಿತ್ತು. ಅದು ನನಗೆ ತಿಳಿಯಲಿಲ್ಲ. ಮೂವತ್ತು ವರ್ಷ ಕರಿಹಲಗೆಯ ಮೇಲೆ “ಘರ್ಷಣೆ” ಎಂದು ಬರೆದು ಅಡಿಗೆರೆ ಎಳೆದವಳಿಗೆ ತಿಳಿಯಲಿಲ್ಲ!

ಒಂದು ಗುರುವಾರ ನಮ್ಮ ಭಾವನವರನ್ನು ಯಾದಗಿರಿಯಿಂದ ಕರೆದುಕೊಂಡು ಬರಬೇಕಿತ್ತು. ಭಾವನವರು ಎಂದರೆ ನಮ್ಮವರ ಅಣ್ಣ ಗುರುಲಿಂಗಪ್ಪನವರು. ಯಾದಗಿರಿಯಲ್ಲಿ ಕಾಳಿನ ವ್ಯಾಪಾರ, ಮನೆತನಕ್ಕೆಲ್ಲ ಅವರದೇ ಮಾತು. ತಮ್ಮದೇ ಗಾಡಿ ಇದ್ದರೂ ಯಾಕೋ ಅದನ್ನು ಅವರು ಯಾದಗಿರಿ ದಾಟಿಸುತ್ತಿರಲಿಲ್ಲ. ನಮ್ಮವರಿಗೆ ಅಣ್ಣನೆದುರು ಬರುವ ಮಾತು ಒಂದೇ: “ಆತಣ್ಣಾ.” ನಮ್ಮ ಮದುವೆಯ ಮಾತುಕತೆಯಲ್ಲೂ ಅಣ್ಣ, “ಹುಡುಗಿ ಮಾತು ಜಾಸ್ತಿ ಅನಸ್ತದ, ನಡೀತದೇನು?” ಎಂದು ಕೇಳಿದ್ದಕ್ಕೆ ಇವರು “ಆತಣ್ಣಾ” ಅಂದಿದ್ದರಂತೆ. ಆ ಒಂದು ಸಲಕ್ಕೆ ಮಾತ್ರ ನಾನು ಆ ಮಾತಿಗೆ ಋಣಿ.

ಭೀಮೆಯ ಸೇತುವೆ ದಾಟಿ ಸ್ವಲ್ಪ ದೂರ ಬಂದಿದ್ದೆವು. ಕಾರಿನೊಳಗೆ ಸುಟ್ಟ ವಾಸನೆ. ಭಾವನವರು, “ಯಾರೋ ಹೊಲದಾಗ ಹತ್ತಿಕಟಗಿ ಸುಡಾಕತ್ತಾರ, ಗ್ಲಾಸ್ ಏರಸ್ರಿ,” ಎಂದರು. ಏರಿಸಿದೆವು. ವಾಸನೆ ಹೆಚ್ಚಾಯಿತು. ಅಷ್ಟರಲ್ಲಿ ಪಕ್ಕದಲ್ಲಿ ಬಂದ ಬೈಕಿನವನು ಕೈಮಾಡಿ, “ಅಮ್ಮಾರ, ಹಿಂದಿನ ಗಾಲಿ ಹೊಗಿ ಬಿಡಾಕತ್ತದರೀ!” ಎಂದು ಕೂಗಿದ. ನಿಲ್ಲಿಸಿ ಇಳಿದು ನೋಡಿದರೆ ಬಲಗಡೆಯ ಹಿಂದಿನ ಗಾಲಿಯಿಂದ ಧೂಪ ಹಾಕಿದಂತೆ ಹೊಗೆ. ನಮ್ಮವರು ಗಾಬರಿಯಾಗಿ ಕುಡಿಯುವ ನೀರಿನ ಬಾಟಲಿಯನ್ನು ಅದರ ಮೇಲೆ ಸುರಿದರು. ಛಸ್ಸೆಂದಿತು. “ಕಾದ ಕಬ್ಬಿಣಕ್ಕ ತಣ್ಣೀರು ಹಾಕಿದ್ರ ಸೀಳ್ತದರೀ!” ಎಂದು ನಾನು ಕೂಗುವುದರೊಳಗೆ ಬಾಟಲಿ ಖಾಲಿ.

ಭಾವನವರು ಧೋತರದ ಚುಂಗು ಹಿಡಿದುಕೊಂಡು ಗಾಲಿಯ ಸುತ್ತ ಒಂದು ಸುತ್ತು ಬಂದರು. ನಂತರ ತೀರ್ಪು ಕೊಟ್ಟರು. “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ರ ಹಿಂಗ ಆಗ್ತದ. ಇವತ್ತು ಹೊಗಿ, ನಾಳಿ ಬೆಂಕಿ. ವಡಗೇರಾದಾಗ ನನಗ ಗೊತ್ತಿದ್ದ ಹತ್ತಿ ವ್ಯಾಪಾರಿ ಒಬ್ಬ ಇದ್ದಾನ, ಹಳೀ ಗಾಡಿ ಹುಡುಕಾಕತ್ತಾನ. ಸೋಮವಾರ ಕರ್ಕೊಂಡು ಬರ್ತೀನಿ. ಇದ್ದಂಗ ಕೊಟ್ಟು ಕೈ ತೊಳಕೊಂಡುಬಿಡ್ರಿ.”

ನಾನು ನಮ್ಮವರನ್ನು ನೋಡಿದೆ. ನಮ್ಮವರು ಖಾಲಿ ಬಾಟಲಿಯನ್ನು ನೋಡುತ್ತಾ, “ಆತಣ್ಣಾ,” ಎಂದರು.

ಆ ಕ್ಷಣ ನನಗೆ ಬಂದ ಸಿಟ್ಟು ಆ ಗಾಲಿಯ ಬಿಸಿಗಿಂತ ಕಡಿಮೆಯದಲ್ಲ. ಕಾರು ಹೋದರೆ ಹೋಗಲಿ, ತಗಡು. ಆದರೆ ಸೋಮವಾರ ಸೀರೆಯುಟ್ಟು ಬಾಗಿಲಲ್ಲಿ ನಿಲ್ಲುವವಳಿಗೆ ನಾನು ಏನು ಹೇಳಲಿ? ಮತ್ತೆ ಅಡುಗೆಮನೆಗೆ ಹೋಗು ಎನ್ನಲೇ? ಹೊಗೆ ತಣ್ಣಗಾದ ಮೇಲೆ ಎತ್ತಿನ ಬಂಡಿಯ ವೇಗದಲ್ಲಿ ಊರು ಸೇರಿದೆವು.

ನಮ್ಮ ಕಾಯಂ ಮಿಸ್ತ್ರಿ ತನ್ನ ತಂಗಿಯ ಮದುವೆಗೆ ಹೈದರಾಬಾದಿಗೆ ಹೋಗಿದ್ದ. ಫೋನು ಮಾಡಿದರೆ ಬ್ಯಾಂಡಿನ ಸದ್ದಿನ ನಡುವೆ, “ಟೀಚರಮ್ಮಾ, ಎಂಟು ದಿನಾ ಆಗ್ತದ ಬರಾಕ. ಗಾಲಿ ಎತ್ತಿ ಕೈಲೆ ತಿರುಗಿಸಿ ನೋಡ್ರಿ, ತಿರುಗಲಿಲ್ಲಂದ್ರ ಹಿಡದದ ಅಂತ ತಿಳೀರಿ,” ಎಂದ. ಇಷ್ಟೇ ಅವನ ಉಪದೇಶ. ನಾನು ಲೇಥು, ಗ್ಯಾರೇಜು ಎಂದು ಬೇರೆಯವರನ್ನು ಹುಡುಕಬಹುದಿತ್ತು. ಆದರೆ “ಹೆಣ್ಮಕ್ಕಳ ಕೈಯಾಗ” ಎಂಬ ಮಾತು ಒಳಗೆ ಮುಳ್ಳಾಗಿ ಕುಳಿತಿತ್ತು. ಈ ಕೈ ಏನು ಮಾಡೀತು ನೋಡೇಬಿಡೋಣ ಎಂದುಕೊಂಡೆ. ಶುಕ್ರವಾರವಿಡೀ ಮೊಬೈಲಿನಲ್ಲಿ ಹಿಂದಿಯವನೊಬ್ಬ ಬ್ರೇಕು ಬಿಚ್ಚುವುದನ್ನು ನೋಡಿದೆ. ಪರೀಕ್ಷೆಯ ಹಿಂದಿನ ದಿನದ ವಿದ್ಯಾರ್ಥಿಯಂತೆ ಟಿಪ್ಪಣಿ ಮಾಡಿಕೊಂಡೆ.

ಶನಿವಾರ ಬೆಳಿಗ್ಗೆ ಹಳೆಯ ನೈಟಿಯ ಮೇಲೆ ನಮ್ಮವರ ಅಂಗಿ ಹಾಕಿಕೊಂಡು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಅಂಗಳಕ್ಕಿಳಿದೆ. ಮುಂದಿನ ಗಾಲಿಗಳಿಗೆ ಹಿಂದೊಂದು ಮುಂದೊಂದು ಒರಳಿನ ಗುಂಡುಗಳನ್ನು ಇಟ್ಟೆ. ಜಾಕ್ ಏರಿಸಿ, ಅದು ಜಾರಿದರೆ ಇರಲಿ ಎಂದು ಕೆಳಗೆ ಶಹಾಬಾದ ಕಲ್ಲುಗಳನ್ನು ಪೇರಿಸಿದೆ. ಎಡಗಾಲಿ ಕೈಯಿಂದ ತಿರುಗಿತು. ಬಲಗಾಲಿ ಜಪ್ಪಯ್ಯ ಅನ್ನಲಿಲ್ಲ. ಹ್ಯಾಂಡ್‌ಬ್ರೇಕಿನ ತಂತಿಯನ್ನು ಸಡಿಲಿಸಿದೆ, ಊಹುಂ. ಗಾಲಿ ಬಿಚ್ಚಿ, ನಡುವಿನ ಟೊಪ್ಪಿಗೆ ತೆಗೆದು, ಪಿನ್ನು ಎಳೆದು, ನಟ್ಟು ಬಿಚ್ಚಿದೆ. ಇನ್ನು ಡ್ರಮ್ಮು ಬರಬೇಕು. ಅದು ಬರಲಿಲ್ಲ. ಸುತ್ತಿಗೆಯಿಂದ ಬಡಿದೆ, ಬೈದೆ, ಶಿವನನ್ನು ನೆನೆದೆ. ಆಗ ಡ್ರಮ್ಮಿನ ಮುಖದ ಮೇಲೆ ತಿರುಪಿನ ಗೆರೆಯುಳ್ಳ ಎರಡು ಸಣ್ಣ ತೂತುಗಳು ಕಂಡವು. ಹಿಂದಿಯವನು ಹೇಳಿದ್ದ: ಅವುಗಳಲ್ಲಿ ಎರಡು ಬೋಲ್ಟು ಹಾಕಿ ಸಮಸಮನಾಗಿ ತಿರುಗಿಸುತ್ತಾ ಹೋದರೆ ಡ್ರಮ್ಮು ತಾನಾಗಿ ಹೊರಗೆ ಬರುತ್ತದೆ.

ಆ ಅಳತೆಯ ಬೋಲ್ಟು ಎಲ್ಲಿಂದ ತರುವುದು? ಮನೆಯಲ್ಲೆಲ್ಲ ಹುಡುಕಿದೆ. ಅಲಮಾರಿನದು ಸಣ್ಣದು, ನೀರಿನ ಮೋಟಾರಿನದು ದೊಡ್ಡದು. ಕೊನೆಗೆ ಪಡಸಾಲೆಯ ಜೋಕಾಲಿಯನ್ನು ನೋಡಿದೆ. ಬರಾಬ್ಬರಿ! ನಮ್ಮವರು ಸ್ನಾನಕ್ಕೆ ಹೋಗಿದ್ದ ವೇಳೆ ಅದರ ಒಂದು ಕಡೆಯ ಎರಡು ಬೋಲ್ಟುಗಳನ್ನು ಬಿಚ್ಚಿಕೊಂಡು ಬಂದೆ. ಎರಡೂ ಬದಿಗೆ ಕಾಲು ಕಾಲು ಸುತ್ತು ತಿರುಗಿಸಿದೆ. ಟಣ್ಣೆಂದು ಡ್ರಮ್ಮು ಸಡಿಲಾದ ಸದ್ದು, ಒಳಗಿನಿಂದ ನಮ್ಮವರು “ಅಯ್ಯಯ್ಯೋ!” ಎಂದ ಸದ್ದು, ಎರಡೂ ಒಂದೇ ಹೊತ್ತಿಗೆ ಕೇಳಿದವು. ಓಡಿಹೋಗಿ ನೋಡಿದರೆ ಜೋಕಾಲಿ ಒಂದು ಕಡೆಗೆ ವಾಲಿ, ಅವರು ಪೇಪರಿನ ಸಮೇತ ನೆಲದ ಮೇಲೆ ಕುಳಿತಿದ್ದರು. ಪೆಟ್ಟೇನೂ ಆಗಿರಲಿಲ್ಲ. “ಡ್ರಮ್ಮು ಬಂತ್ರೀ!” ಎಂದೆ. “ನಾನೂ ಬಂದೆ, ಕೆಳಗ,” ಎಂದರು.

ಡ್ರಮ್ಮೆಂದರೆ ಕಬ್ಬಿಣದ ದೊಡ್ಡ ಮುಚ್ಚಳ. ಒಳಗೆ ಎರಡು ಅರ್ಧಚಂದ್ರದಂಥ ಬ್ರೇಕ್ ಶೂಗಳು. ಬ್ರೇಕು ತುಳಿದರೆ ಅವು ಅಗಲವಾಗಿ ಡ್ರಮ್ಮನ್ನು ಒಳಗಿನಿಂದ ಒತ್ತುತ್ತವೆ, ಬಿಟ್ಟರೆ ಸ್ಪ್ರಿಂಗು ಅವನ್ನು ಹಿಂದಕ್ಕೆ ಎಳೆಯುತ್ತದೆ. ಹ್ಯಾಂಡ್‌ಬ್ರೇಕಿನ ತಂತಿ ಮಾಡುವುದೂ ಅದನ್ನೇ. ಇಷ್ಟು ನಾನು ಓದಿಕೊಂಡಿದ್ದೆ. ಆದರೆ ಡ್ರಮ್ಮು ತೆಗೆದಾಗ ಕಂಡದ್ದು ಪುಸ್ತಕದಲ್ಲಿ ಇರಲಿಲ್ಲ. ಒಳಗೆಲ್ಲ ಬೂದುಬಣ್ಣದ ಗಟ್ಟಿ ರಾಡಿ. ಅಲ್ಲಲ್ಲಿ ಕೆಂಪು. ಹಿಂದಿನ ಶೂಗೆ ಅಂಟಿದ ಹ್ಯಾಂಡ್‌ಬ್ರೇಕಿನ ಸಣ್ಣ ತೋಳು ತುಕ್ಕಿನಲ್ಲಿ ಹೂತುಹೋಗಿ ಅಲುಗಾಡುತ್ತಿರಲಿಲ್ಲ. ತಂತಿ ಅದರ ಕೊಳವೆಯಲ್ಲಿ ಸಿಮೆಂಟು ಹಾಕಿದಂತೆ ಹಿಡಿದಿತ್ತು. ಮತ್ತೆ ಒಂದು ಮೂಲೆಯಲ್ಲಿ, ದೇವರಾಣೆ ಮಾಡಿ ಹೇಳುತ್ತೇನೆ, ಒಂದು ಅಕ್ಕಿಕಾಳು ಸಿಕ್ಕಿಕೊಂಡಿತ್ತು.

ಅಕ್ಕಿಕಾಳನ್ನು ಬೆರಳಿನಲ್ಲಿ ಹಿಡಿದು ನೋಡಿದೆ. ಅದು ಅಕ್ಷತೆ. ಬೂದು ರಾಡಿ ವಿಭೂತಿ. ಕೆಂಪು ಎಲ್ಲವೂ ತುಕ್ಕಲ್ಲ, ಕುಂಕುಮವೂ ಇತ್ತು. ಅಯ್ಯ ಶಿವನೇ, ಇದನ್ನು ಮಾಡಿದವಳು ನಾನೇ!

ನಮ್ಮ ಕಡೆ ಗಾಡಿ ಇದ್ದವರೆಲ್ಲ ಅಮಾವಾಸ್ಯೆಗೊಮ್ಮೆ ಅದಕ್ಕೆ ಪೂಜೆ ಮಾಡುತ್ತೇವೆ. ಲಾರಿ ಇರಲಿ, ಟ್ರ್ಯಾಕ್ಟರ್ ಇರಲಿ, ಮಿಕ್ಸಿಯಷ್ಟು ಸಣ್ಣ ಸ್ಕೂಟರ್ ಇರಲಿ, ತೊಳೆದು ವಿಭೂತಿ ಹಚ್ಚಿ ಕಾಯಿ ಒಡೆಯಬೇಕು. ಬೇರೆಯವರು ಮೇಲೆ ಮೇಲೆ ಮಾಡಿ ಮುಗಿಸುತ್ತಾರೆ. ನಾನು ವಿಜ್ಞಾನದ ಟೀಚರ್. ಯಾವ ಕೆಲಸವನ್ನೂ ಅರ್ಧಕ್ಕೆ ಬಿಡುವವಳಲ್ಲ. ಎಡ ಹಿಂಗಾಲಿಯಿಂದ ಶುರುಮಾಡಿ ಪ್ರದಕ್ಷಿಣೆ ಬರುತ್ತಾ ಪ್ರತಿ ಗಾಲಿಗೂ ತೆಂಗಿನ ನೀರು, ಕೊನೆಗೆ ಬಲ ಹಿಂಗಾಲಿಗೆ ಬಂದಾಗ ಉಳಿದ ನೀರು, ತಂಬಿಗೆಯ ನೀರು, ತಟ್ಟೆಯಲ್ಲಿ ಉಳಿದ ವಿಭೂತಿ ಅಕ್ಷತೆ ಎಲ್ಲವನ್ನೂ ಕಲಸಿ ಅದಕ್ಕೇ ಅಭಿಷೇಕ. ಬಾಗಿ ಗಾಲಿಯ ಒಳಮುಖಕ್ಕೂ ಸುರಿಯುತ್ತಿದ್ದೆ. ಆ ಒಳಮುಖದಲ್ಲಿ ಬ್ರೇಕು ಬಿಗಿ ಮಾಡಲು ಒಂದು ಸಣ್ಣ ಕಿಂಡಿ ಇರುತ್ತದೆ, ಅದಕ್ಕೊಂದು ರಬ್ಬರಿನ ಬಿರಡೆ. ನಮ್ಮದರ ಬಿರಡೆ ಎಂದೋ ಬಿದ್ದುಹೋಗಿತ್ತು. ನನ್ನ ಅಭಿಷೇಕವೆಲ್ಲ ನೇರ ಗರ್ಭಗುಡಿಗೆ ಹೋಗುತ್ತಿತ್ತು.

ಅಲ್ಲಿಗೂ ಮುಗಿಯಲಿಲ್ಲ. ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೇವಲ್ಲ, ಅದು ಗಾಡಿ ಹೊರಡುವಾಗಲೇ ಚಪ್ಪಟೆಯಾಗಬೇಕು. ಮೊದಲೇ ಆದರೆ ಅಪಶಕುನ. ನಮ್ಮ ಅಂಗಳ ಸ್ವಲ್ಪ ಇಳುಕಲು. ಆದ್ದರಿಂದ ಪೂಜೆಗೆ ಮೊದಲು ಹ್ಯಾಂಡ್‌ಬ್ರೇಕನ್ನು ಎರಡೂ ಕೈಯಿಂದ, ಬಾವಿಯಿಂದ ಕೊಡ ಜಗ್ಗುವಂತೆ ಜಗ್ಗಿ ಇಡುತ್ತಿದ್ದೆ. ಹಸಿ ಶೂ, ಹಸಿ ಡ್ರಮ್ಮು, ಉಪ್ಪುಸಿಹಿ ತೆಂಗಿನ ನೀರು, ಬಿಗಿದ ತಂತಿ, ಮುಂದಿನ ಸೋಮವಾರದವರೆಗೆ ಹಾಗೆಯೇ. ಕಬ್ಬಿಣಕ್ಕೆ ತುಕ್ಕು ಹಿಡಿಯಲು ಏನೇನು ಬೇಕು ಎಂದು ನಾನೇ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ! ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಷ್ಟರಲ್ಲಿ ನಮ್ಮವರು ಹಿಂದೆ ಬಂದು ನಿಂತಿದ್ದರು. ನಾನು ಮುಚ್ಚಿಡಬೇಕೆಂದುಕೊಂಡೆ, ಆದರೆ ನನ್ನ ಬೆರಳುಗಳಲ್ಲಿ ವಿಭೂತಿ ಕುಂಕುಮ ಎರಡೂ ಇದ್ದವು. ಅವರು ಗಾಲಿಯನ್ನು ನೋಡಿದರು, ನನ್ನ ಕೈ ನೋಡಿದರು. “ನಿನ್ನ ಪೂಜಾ ಪುರಾ ಮುಟ್ಟ್ಯದ ನೋಡು,” ಎಂದರು. ಆಮೇಲೆ ನಗು ತಡೆಯಲಾರದೆ ಕಾರಿನ ಬಾಗಿಲು ಹಿಡಿದುಕೊಂಡರು. ನನಗೂ ನಗು ಬಂತು. ಅಂಗಳದಲ್ಲಿ ಇಬ್ಬರೂ ಕಣ್ಣೀರು ಬರುವಷ್ಟು ನಕ್ಕೆವು. ಹಾಗೆ ನಾವಿಬ್ಬರೂ ಸೇರಿ ನಕ್ಕು ಬಹಳ ವರ್ಷವಾಗಿತ್ತು. ಈಗಲೂ ಅಮಾವಾಸ್ಯೆಯ ಪೂಜೆ ನಿಂತಿಲ್ಲ, ಬಿಡಿ. ಗಾಲಿಗೆ ಒಂದು ಬೊಟ್ಟು, ತೆಂಗಿನ ನೀರು ನಮಗೆ.

ನಕ್ಕವರು ಸುಮ್ಮನೆ ಒಳಗೆ ಹೋಗಬಾರದೇ? ಹುಮ್ಮಸ್ಸಿನಲ್ಲಿ, “ನಾನೂ ಏನರ ಮಾಡ್ತೀನಿ,” ಎಂದು ಡ್ರೈವರ್ ಸೀಟಿನಲ್ಲಿ ಹೋಗಿ ಕುಳಿತರು. ಡ್ರಮ್ಮು ಇಲ್ಲದಾಗ ಬ್ರೇಕು ತುಳಿದರೆ ಒಳಗಿನ ಪಿಸ್ಟನ್ನು ಹೊರಗೆ ಹಾರಿ ಎಣ್ಣೆಯೆಲ್ಲ ಚೆಲ್ಲಿಹೋಗುತ್ತದೆ. “ರೀ, ಕಾಲು! ಕಾಲು ಮ್ಯಾಲೆತ್ತರಿ!” ಎಂದು ಕಿರುಚಿದೆ. ಅವರು ಎರಡೂ ಕಾಲನ್ನು ಸೀಟಿನ ಮೇಲೆ ಎತ್ತಿಟ್ಟು ಪದ್ಮಾಸನ ಹಾಕಿದರು. ಮುಂದಿನ ಅರ್ಧ ಗಂಟೆ ಹಾಗೇ ಕುಳಿತಿದ್ದರು, ಇಳಿಯಲು ನನಗೇ ನೆನಪಾಗಿ ಹೇಳಬೇಕಾಯಿತು.

ಬಿಚ್ಚುವ ಮೊದಲು ಚಿತ್ರ ಬರೆದುಕೊಂಡೆ. ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ, ನಾಲ್ಕು ಅಂಕ. ಎಷ್ಟು ಮಕ್ಕಳ ಚಿತ್ರಕ್ಕೆ ಒಂದೂವರೆ ಕೊಟ್ಟು ಕಳಿಸಿದ್ದೇನೋ, ಈಗ ನನ್ನದು ಬರೆದಾಗ ಬ್ರೇಕು ಹೋಗಿ ಆಮೆಯಂತೆ ಕಾಣುತ್ತಿತ್ತು. ಆದರೂ ಯಾವ ಸ್ಪ್ರಿಂಗು ಮೇಲೆ, ಯಾವುದು ಕೆಳಗೆ ಎಂದು ತಿಳಿದರೆ ಸಾಕು. ಆಮೇಲೆ ಬಸ್ ಸ್ಟ್ಯಾಂಡಿನ ಹಿಂದಿನ ಬಿಡಿಭಾಗದ ಅಂಗಡಿಗೆ ನಡೆದುಹೋದೆ. ಕೌಂಟರಿನವನು ತುಕ್ಕುಹಿಡಿದ ತಂತಿಯನ್ನು ತಿರುಗಿಸಿ ನೋಡಿ, “ಮಿಸ್ತ್ರಿ ಯಾರ್ರೀ?” ಎಂದ.

“ನಾನಽ.”

ಅವನು ಮುಖವೆತ್ತಿ ನೋಡಿದ. ನಂತರ ಸ್ಟೂಲಿನಿಂದ ಎದ್ದು ನಿಂತ. “ಟೀಚರ್! ನೀವಽ ನನಗ ಘರ್ಷಣಾ ಕಲಿಸಿದ್ರಿ. ನಾ ಫೇಲಾಗಿದ್ದೆ.”

“ಈಗ ನೀನು ಪಾಸ್, ನಾ ಫೇಲ್,” ಎಂದೆ.

ಅವನು ಹೊಸ ತಂತಿ ಕೊಟ್ಟ, ರಬ್ಬರಿನ ಬಿರಡೆ ಕೊಟ್ಟ, ಹೊಸ ಪಿನ್ನು ಕೊಟ್ಟ. ಒಂದು ಗಾಲಿಗೆ ಶೂ ಕೇಳಿದರೆ ಕೊಡಲಿಲ್ಲ. “ಎರಡೂ ಕಡಿ ಹಾಕ್ರಿ ಟೀಚರ್. ಒಂದಽ ಕಡಿ ಹಾಕಿದ್ರ ಗಾಡಿ ಒಂದಽ ಕಡಿ ಎಳೀತದ.” ಮಾತು ಸರಿಯಾಗಿತ್ತು. ಎರಡೂ ಕಡೆಯದನ್ನು ತಂದೆ. ಬಲಗಾಲಿಯ ಹಳೆಯ ಜೋಡಿ ಷೋಕೇಸಿಗೆ ಹೋಯಿತು.

ಸ್ಪ್ರಿಂಗು ಕೂರಿಸುವುದೇ ಎಲ್ಲಕ್ಕಿಂತ ತ್ರಾಸು. ಇಕ್ಕಳದಲ್ಲಿ ಹಿಡಿದು ಎಳೆದು ತೂತಿಗೆ ಸಿಕ್ಕಿಸಬೇಕು. ಮೊದಲನೆಯದನ್ನು ಎಳೆದೆ, ಎಳೆದೆ, ಇನ್ನೇನು ಕೂತಿತು ಎನ್ನುವಾಗ ಕೈತಪ್ಪಿ ಹಾರಿತು. ಎಲ್ಲಿ ಬಿತ್ತೋ ಕಾಣಲಿಲ್ಲ. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಫಾತಿಮಾಬಿ ಕಾಂಪೌಂಡಿನ ಮೇಲಿಂದ ಇಣುಕಿದಳು. “ಟೀಚರಮ್ಮಾ, ನಮ್ಮ ಸಂಡಿಗಿ ಮ್ಯಾಲೆ ಇದು ಆಕಾಶದಿಂದ ಬಿತ್ರೀ. ನಿಮ್ದೇನು?” ಎಂದು ಸ್ಪ್ರಿಂಗು ತೋರಿಸಿದಳು. ಅದನ್ನು ಕೊಡಲು ಬಂದವಳು ಹೋಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ಕುಳಿತಳು. “ನೀವು ಶೂ ಹಿಡೀರಿ, ನಾ ಜಗ್ತೀನಿ. ದಿನಾ ಹೊಲಿಗಿ ಮಷೀನ್ ಬಿಚ್ಚಿ ಹಾಕೋಳು ನಾನು, ಇದೇನು ಮಹಾ!” ಎಂದು ಒಂದೇ ಏಟಿಗೆ ಕೂರಿಸಿದಳು. ಅವಳ ಬೆರಳುಗಳ ಬಲ ನೋಡಿ ನನಗೆ ನಾಚಿಕೆಯಾಯಿತು. ಉಳಿದ ಸ್ಪ್ರಿಂಗುಗಳೆಲ್ಲ ಅವಳದೇ ಕೆಲಸ, ಸುಳ್ಳು ಹೇಳುವುದಿಲ್ಲ.

ಭಾನುವಾರ ಎಡಗಾಲಿಯೂ ಮುಗಿಯಿತು. ಡ್ರಮ್ಮು ತಿಕ್ಕಿ ಒರೆಸಿ, ತೋಳಿಗೆ ಮತ್ತು ಶೂ ಆಡುವ ಜಾಗಕ್ಕೆ ಉಗುರಿನಷ್ಟೇ ಗ್ರೀಸು ಸವರಿ, ಎಲ್ಲ ಮುಚ್ಚಿದೆ. ಕೊನೆಗೆ ಉಳಿದದ್ದು ಬಿಗಿ ನೋಡುವುದು. ಆ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಹಲ್ಲಿನ ಚಕ್ರವೊಂದನ್ನು ತಿರುಗಿಸಬೇಕು. ಹೆಚ್ಚಾದರೆ ಗಾಲಿ ಹಿಡಿಯುತ್ತದೆ, ಕಡಿಮೆಯಾದರೆ ಬ್ರೇಕು ಹಿಡಿಯುವುದಿಲ್ಲ. ಎಷ್ಟು ಎಂದು ಹಿಂದಿಯವನು ಹೇಳಿದ್ದು ನನಗೆ ತಲೆಗೆ ಹೋಗಲಿಲ್ಲ. ಗಾಲಿ ತಿರುಗಿಸುತ್ತಾ ಕಿವಿಗೊಟ್ಟೆ. ಆಗ ನಮ್ಮಾಯಿ, ಅಪ್ಪನ ಅವ್ವ, ನೆನಪಾದಳು. ದೇವಾಪುರದ ಮನೆಯಲ್ಲಿ ಆಯಿ ಬೀಸುವಾಗ ನಾನು ಅವಳ ತೊಡೆಯ ಮೇಲೆ ಮಲಗಿರುತ್ತಿದ್ದೆ. ಕಲ್ಲು ಕಲ್ಲಿಗೆ ಬಿಗಿಯಾಗಿ ತಾಗಿದರೆ ಗರ್ ಎನ್ನುತ್ತಿತ್ತು. ಆಯಿ ಮೇಲಿನ ಕಲ್ಲೆತ್ತಿ ನಡುವಿನ ಗೂಟಕ್ಕೆ ಒಂದು ಚಿಂದಿ ಬಟ್ಟೆ ಸುತ್ತುತ್ತಿದ್ದಳು. ಹೆಚ್ಚು ಸುತ್ತಿದರೆ ಹಿಟ್ಟು ನುಚ್ಚಾಗುತ್ತಿತ್ತು, ಮತ್ತೆ ಬಿಚ್ಚುತ್ತಿದ್ದಳು. ಸರ್ರ್, ಸರ್ರ್ ಎಂದು ಒಂದೇ ಸಮ ಬಂದಾಗ, “ಈಗ ಹದಕ್ಕ ಬಂತು,” ಎನ್ನುತ್ತಿದ್ದಳು. ನಾನು ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸುತ್ತಾ ಆ ಸದ್ದನ್ನು ಹುಡುಕಿದೆ. ಗರ್ ಎಂದಿತು, ಹಿಂದೆ ತಿರುಗಿಸಿದೆ. ಸದ್ದೇ ಬರಲಿಲ್ಲ, ಮುಂದೆ ತಿರುಗಿಸಿದೆ. ಕೊನೆಗೆ ಗಾಲಿ ಹಗುರವಾಗಿ ಸರ್ರ್ ಎಂದು ಸವರಿಕೊಂಡು ಎರಡು ಸುತ್ತು ತಾನೇ ತಿರುಗಿ ನಿಂತಿತು. ಹ್ಯಾಂಡ್‌ಬ್ರೇಕು ಜಗ್ಗಿದೆ, ಗಕ್ಕನೆ ನಿಂತಿತು. ಇಳಿಸಿದೆ, ಬಿಟ್ಟಿತು. ಜಗ್ಗಿದೆ, ನಿಂತಿತು. ಇಳಿಸಿದೆ, ಬಿಟ್ಟಿತು. ಹತ್ತು ಸಲ ಮಾಡಿದೆ. ಫಾತಿಮಾಬಿ ಚಪ್ಪಾಳೆ ತಟ್ಟಿದಳು. ನಾನು ಅಂಗಳದಲ್ಲಿ ಕೈಯೆತ್ತಿ ಕುಣಿದದ್ದನ್ನು ಓಣಿಯವರು ನೋಡಿದ್ದಾರಂತೆ, ನೋಡಲಿ.

ಸೋಮವಾರ ಬೆಳಿಗ್ಗೆ ಭಾವನವರು ವಡಗೇರಾದ ವ್ಯಾಪಾರಿಯ ಜೊತೆ ಬಂದಿಳಿದರು. “ಗಾಡಿ ರಿಪೇರಿ ಆಗ್ಯದ ಭಾವಾರ, ಮಾರೂ ಮಾತಿಲ್ಲ,” ಎಂದು ಹೇಳಬೇಕೆಂದು ರಾತ್ರಿಯೆಲ್ಲ ಉರುಹೊಡೆದಿದ್ದೆ. ಅವರೆದುರು ನಿಂತಾಗ ಬಾಯಿಂದ ಬಂದದ್ದು, “ರಿಪೇರಿ ಆಗ್ಯದರೀ” ಎಂಬಷ್ಟೇ. “ಚಲೋ ಆತು, ಹಂಗಾರ ಓಡಿಸಿ ನೋಡೋಣು,” ಎಂದು ವ್ಯಾಪಾರಿ ಖುಷಿಪಟ್ಟ. ನನ್ನ ಬುದ್ಧಿಗೆ ಹೊಳೆಯದೇ ಹೋದದ್ದು ಇದೊಂದೇ: ಕೆಟ್ಟ ಗಾಡಿಯನ್ನಾದರೆ ಅವನು ಬಿಟ್ಟು ಹೋಗುತ್ತಿದ್ದನೇನೋ, ಎರಡು ದಿನ ಬೆವರು ಸುರಿಸಿ ನಾನೇ ಅದನ್ನು ಕೊಳ್ಳುವಂತೆ ಮಾಡಿಟ್ಟಿದ್ದೆ. “ಸುರಪುರದ ಇಳುಕಲದಾಗ ನೋಡೋಣ್ರಿ,” ಎಂದೆ. ಇವತ್ತು ಸೋಮವಾರ, ಕೊನೆಯ ಸಲವಾದರೂ ಅಲ್ಲಿಗೆ ಹೋಗಬೇಕಿತ್ತು.

ನಾಲ್ಕೂ ಜನ ಹೊರಟೆವು. ಕಾರು ಹೇಗೆ ಓಡಿತೆಂದರೆ, ಆಕ್ಸಿಲರೇಟರ್ ಬಿಟ್ಟರೂ ತೇಲಿಕೊಂಡು ಹೋಗುತ್ತಿತ್ತು. ದಾರಿಯಲ್ಲಿ ವ್ಯಾಪಾರಿ ಎರಡು ಸಲ ಇಳಿದು ಹಿಂಗಾಲಿಗಳ ಹತ್ತಿರ ಅಂಗೈ ಒಡ್ಡಿ ನೋಡಿ, “ಹೂವಿನಂಗ ಅದ,” ಎಂದ. ಅವನು ಹೊಗಳಿದಷ್ಟೂ ನನಗೆ ಸಂಕಟ.

ನೀಲಕ್ಕನ ಮನೆಯ ಓಣಿ ಮೇಲಿನ ರಸ್ತೆಯಿಂದ ಕಡಿದಾಗಿ ಇಳಿಯುತ್ತದೆ. ಕೊನೆಯಲ್ಲಿ ಹಿಟ್ಟಿನ ಗಿರಣಿ, ಸೋಮವಾರವೆಂದರೆ ಅದರ ಮುಂದೆ ಡಬ್ಬಿ ಹಿಡಿದ ಜನ. ಓಣಿಯ ನಡುವೆ, ಅಕ್ಕನ ಬಾಗಿಲ ಮುಂದೆ, ಮೂತಿ ಕೆಳಗಾಗಿ ಕಾರು ನಿಲ್ಲಿಸಿದೆ. ಹ್ಯಾಂಡ್‌ಬ್ರೇಕು ಜಗ್ಗಿದೆ. ಗೇರು ತೆಗೆದೆ, ಎಂಜಿನ್ ಆರಿಸಿದೆ, ಬ್ರೇಕಿನಿಂದ ಕಾಲೆತ್ತಿದೆ. ಭಾವನವರು ಮುಂದಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ನಾನು ಬಾಗಿಲು ತೆಗೆದು ಇಳಿದು, ಕೈಕಟ್ಟಿಕೊಂಡು ನಿಂತೆ. ಮೂರು ಗಂಡಸರನ್ನು ಹೊತ್ತ ಕಾರು ಒಂದು ಎಳ್ಳಿನಷ್ಟೂ ಸರಿಯಲಿಲ್ಲ. ಆ ಗಳಿಗೆಯಲ್ಲಿ ನನಗಾದ ಸಂತೋಷ, ನಮ್ಮ ಶಾಲೆಯ ಫಲಿತಾಂಶ ನೂರಕ್ಕೆ ನೂರು ಬಂದಾಗಲೂ ಆಗಿರಲಿಲ್ಲ.

ಅವರು ಒಬ್ಬೊಬ್ಬರಾಗಿ ಇಳಿದರು. ವ್ಯಾಪಾರಿ ಕಾರನ್ನು ಹಿಂದಿನಿಂದ ಎರಡೂ ಕೈಯಿಂದ ತಳ್ಳಿ ನೋಡಿ, “ಸಾವ್ಕಾರ್ರ, ಗಾಡಿ ನಾ ಬಿಡಂಗಿಲ್ಲ. ಇವತ್ತಽ ತಗೊಂಡು ಹೋಗ್ತೀನಿ,” ಎಂದ. ಭಾವನವರು ಸಮಾಧಾನದಿಂದ ನಮ್ಮವರ ಕಡೆ ತಿರುಗಿ, “ಮತ್ತೇನು, ಕೀಲಿ ಕೊಡಸಪ್ಪಾ,” ಎಂದರು.

ನಾನು ಕಣ್ಣು ಮುಚ್ಚಿದೆ. ಮುಂದಿನ ಮಾತು ಏನೆಂದು ನಲವತ್ತು ವರ್ಷದಿಂದ ಗೊತ್ತು.

“ಇಲ್ಲಣ್ಣಾ,” ಎಂದರು ನಮ್ಮವರು.

ಭಾವನವರಿಗೆ ಕೇಳಿಸಲಿಲ್ಲವೋ ಏನೋ, “ಆಂ?” ಎಂದರು.

“ಗಾಡಿ ಆಕಿದು. ಕೆಡಿಸಿದಾಕೀನೂ ಆಕಿ, ಮಾಡಿದಾಕೀನೂ ಆಕಿ. ನಾ ಯಾರು ಕೊಡಸಾಂವ? ಆಕಿನ್ನ ಕೇಳ್ರಿ.” ನಮ್ಮವರ ಧ್ವನಿ ನಡುಗುತ್ತಿತ್ತು, ಆದರೆ ಮಾತು ಪೂರ್ತಿ ಬಂತು.

ಭಾವನವರು ನನ್ನ ಕಡೆ ನೋಡಿದರು. “ಕೊಡಂಗಿಲ್ರೀ ಭಾವಾರ,” ಎಂದೆ. ಉರುಹೊಡೆದದ್ದೆಲ್ಲ ಆ ಎರಡು ಪದದಲ್ಲಿ ಮುಗಿದುಹೋಯಿತು. ಅವರು ಧೋತರದ ಚುಂಗು ಎತ್ತಿ ಹಿಡಿದು, ಬಾಗಿ, ಬಲ ಹಿಂಗಾಲಿಗೆ ಅಂಗೈ ಇಟ್ಟು ನೋಡಿದರು. ಎದ್ದು ಗಂಟಲು ಸರಿಮಾಡಿಕೊಂಡು, ವ್ಯಾಪಾರಿಗೆ ಕೇಳಿಸದಂತೆ, “ನಮ್ಮ ಗಾಡಿದು ಹ್ಯಾಂಡ್‌ಬ್ರೇಕ್ ವರ್ಷಾತು ಹಿಡಿಯಂಗಿಲ್ಲವಾ. ಯಾದಗಿರಿಗೆ ಬಂದಾಗ ಒಂದೀಟು ನೋಡ್ತೀಯೇನು?” ಎಂದರು. “ನೋಡ್ತೀನ್ರೀ, ಅದಕ್ಕೇನು,” ಎಂದೆ. ಅವರು ವ್ಯಾಪಾರಿಯ ಹೆಗಲ ಮೇಲೆ ಕೈಹಾಕಿ, ಬೇರೆ ಗಾಡಿ ತೋರಿಸುತ್ತೇನೆಂದು ಸಮಾಧಾನ ಹೇಳುತ್ತಾ ಬಸ್ ಸ್ಟ್ಯಾಂಡಿನ ಕಡೆ ಹೊರಟರು. ನಮ್ಮವರೂ, “ನೀವಿಬ್ರೂ ಅಕ್ಕ-ತಂಗಿ ಹೋಗಿ ಬರ್ರಿ,” ಎಂದು ಅವರ ಹಿಂದೆ ಹೋದರು. ಇದೇ ಮೊದಲ ಸಲ ಅಣ್ಣನಿಗಿಂತ ನೆಟ್ಟಗೆ ನಡೆಯುತ್ತಿದ್ದರು.

ನೀಲಕ್ಕ ಬಾಗಿಲಲ್ಲಿ ಸೀರೆಯುಟ್ಟು ನಿಂತೇ ಇದ್ದಳು. ಎಲ್ಲ ನೋಡಿದ್ದಳು. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು, ಮುಂದಿನ ಸೀಟಿನಲ್ಲಿ ಕುಳಿತು, ಬಾಗಿಲು ಹಾಕಿಕೊಂಡಳು.

“ಇವತ್ತು ಎಲ್ಲಿಗಿ?” ಎಂದಳು.

“ನೀ ಎಲ್ಲಿಗಂತಿ ಅಲ್ಲಿಗಿ.”

ಎಂಜಿನ್ ಚಾಲು ಮಾಡಿ, ಬ್ರೇಕು ತುಳಿದು, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಕಡ್ಡಿಯನ್ನು ಕೆಳಗಿಳಿಸಿದೆ. ಮೆಲ್ಲಗೆ ಕಾಲೆತ್ತಿದೆ. ಗೇರು ಹಾಕಿರಲಿಲ್ಲ, ಆಕ್ಸಿಲರೇಟರ್ ಮುಟ್ಟಿರಲಿಲ್ಲ. ಕಾರು ತಾನಾಗಿಯೇ ಹೊರಟಿತು. ಹಿಂದಿನಿಂದ ಹಿಡಿದು ಜಗ್ಗುವವರು ಯಾರೂ ಇರಲಿಲ್ಲ.